ಮನೆಯಲ್ಲೇ ಮಾಡಿದ ಬಾಸ್ ಗಿಟಾರಿಗೆ ಲ್ಯಾಕರ್ ಹೊಡೆದರೆ ಬಿಳಿಚಿಕೊಳ್ಳುತ್ತಿದೆ. ಏನು ಮಾಡಲಿ?

ಸಕಲೇಶಪುರ, ಜುಲೈ ತಿಂಗಳು, ಶೀಟಿನ ಶೆಡ್ಡು, ಎನ್‌ಸಿ ಲ್ಯಾಕರ್ (ಥಿನ್ನರ್ ಆರಿ ಗಟ್ಟಿಯಾಗುವ ಹೊಳಪಿನ ಲೇಪ), ಈಗಷ್ಟೇ ಕೊಯ್ಸಿದ ಸಿಲ್ವರ್ ಓಕ್ ಹಲಗೆ. ಇಷ್ಟು ನೀವೇ ಬರೆದಿದ್ದೀರಿ. ಪುಷ್ಯ ಮಳೆ ಹೊಯ್ಯುವಾಗ ಲ್ಯಾಕರ್ ಡಬ್ಬದ ಮುಚ್ಚಳ ತೆಗೆಯಲೇಬಾರದು ಸ್ವಾಮಿ! ನಾನು ಮೂಡಿಗೆರೆ ಕಡೆಯವನು, ಇದೇ ಪಾಡು ಪಟ್ಟಿದ್ದೇನೆ.

ಲ್ಯಾಕರ್‌ನಲ್ಲಿರುವ ಥಿನ್ನರ್ ಬಲು ಬೇಗ ಆರುತ್ತದೆ. ಕೈಗೆ ಸ್ಪಿರಿಟ್ ಹಚ್ಚಿದರೆ ತಣ್ಣಗಾಗುತ್ತದೆ ಅಲ್ವಾ, ಹಾಗೇ ಗಿಟಾರಿನ ಬಾಡಿಯೂ ತಣ್ಣಗಾಗುತ್ತದೆ. ಗಾಳಿಯ ತೇವ ಅದರ ಮೇಲೆ ಕೂತು ಲ್ಯಾಕರ್ ಒಳಗೇ ಸಿಕ್ಕಿಕೊಳ್ಳುತ್ತದೆ. ನಿಮಗೆ ಕಾಣುತ್ತಿರುವ ಹಾಲಿನ ಕೆನೆಯಂಥ ಬಿಳುಪು ಅದೇ. ಉಜ್ಜಿ ತೆಗೆಯಬೇಡಿ. ಚೆನ್ನಾಗಿ ಬಿಸಿಲಿರುವ ದಿನ, ನಿಧಾನವಾಗಿ ಆರುವ ರಿಟಾರ್ಡರ್ ಬೆರೆಸಿದ ಥಿನ್ನರನ್ನು ತೆಳ್ಳಗೆ ಸ್ಪ್ರೇ ಮಾಡಿ. ಲ್ಯಾಕರ್ ಮತ್ತೆ ಕರಗಿ, ಒಳಗಿನ ತೇವ ಹೊರಗೆ ಹೋಗುತ್ತದೆ. ನನ್ನದು ಎರಡನೇ ಸಲಕ್ಕೆ ತಿಳಿಯಾಯಿತು. ಮುಂದಿನ ಕೋಟುಗಳನ್ನು ಕಣದಲ್ಲಿ ಕಾಫಿ ಒಣಗುವ ಜನವರಿ, ಫೆಬ್ರವರಿಗೆ ಇಟ್ಟುಕೊಳ್ಳಿ. ಆಗಲೂ ಮಂಜು ಕರಗಿ ಹತ್ತು ಗಂಟೆಯಾದ ಮೇಲೆ.

ಪಿಯು (ಪಾಲಿಯುರೆಥೇನ್, ಹಾರ್ಡನರ್ ಬೆರೆಸಿ ಹೊಡೆಯುವ ಲೇಪ) ಹೊಡೆದರೆ ಈ ಕಾಟ ಇಲ್ಲ ಅಂತ ಯಾರಾದರೂ ಹೇಳಬಹುದು. ಅದರ ಹಾರ್ಡನರ್‌ಗೂ ನೀರು ಕಂಡರೆ ಆಗುವುದಿಲ್ಲ, ಗುಳ್ಳೆ ಏಳುತ್ತದೆ. ಅದರ ಆವಿ ಶ್ವಾಸಕೋಶಕ್ಕೂ ಕೆಟ್ಟದ್ದು, ಬಟ್ಟೆ ಮಾಸ್ಕ್ ಸಾಲದು. ಮಳೆಗಾಲದಲ್ಲೇ ಮುಗಿಸಬೇಕು ಅಂತಿದ್ದರೆ ಸುಮ್ನೆ ಲಿನ್‌ಸೀಡ್ (ಅಗಸೆ) ಎಣ್ಣೆ ಹಚ್ಚಿ. ಆರುವುದು ನಿಧಾನ, ಆದರೆ ಬಿಳಿಚುವುದಿಲ್ಲ. ಎಣ್ಣೆ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತಬಹುದು. ಹರವಿ ಒಣಗಿಸಿ.

ಇನ್ನು ಹಲಗೆ. ಸಿಲ್ವರ್ ಒಳ್ಳೆಯ ಮರವೇ, ಅದರ ಚುಕ್ಕಿ ಚುಕ್ಕಿ ನಮೂನೆ ಪಾಲಿಶ್ ಆದಮೇಲೆ ಬಹಳ ಚೆಂದ. (ಉಜ್ಜುವಾಗ ಬರುವ ಪುಡಿಗೆ ಕೆಲವರ ಮೈ ಕೆರೆಯುತ್ತದೆ, ತುಂಬು ತೋಳಿನ ಅಂಗಿ ಹಾಕಿ.) ಆದರೆ ಹಸಿ ಹಲಗೆ ಬೇಡವೇ ಬೇಡ. ನಾನು ನನ್ನ ಹಲಗೆಯನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು, ತಿಂಗಳಿಗೊಮ್ಮೆ ಇಳಿಸಿ, ಮೆಣಸು ತೂಗುವ ತಕ್ಕಡಿಯಲ್ಲಿ ತೂಗುತ್ತಿದ್ದೆ. ತೂಕವನ್ನು ಅದರ ಅಂಚಿನಲ್ಲೇ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದೆ: 7.1, 6.4, 5.9 ಹೀಗೆ. ಕೊನೆಗೆ 5.1 ಕಿಲೋ ಅಂತ ಮೂರು ಸಲ ಬಂತು. ಕಾಫಿ ಹಣ್ಣು ಒಣಗಿದ್ದು ಗಲಗಲ ಸದ್ದಿನಲ್ಲಿ ಗೊತ್ತಾಗುವ ಹಾಗೆ, ಮರ ಒಣಗಿದ್ದು ತೂಕ ನಿಂತಾಗ ಗೊತ್ತಾಗುತ್ತದೆ. ಆಮೇಲೆಯೇ ಮರ ಕೊರೆಯುವ ರೌಟರ್ ಮಿಷನ್ ಮುಟ್ಟಿದ್ದು.

ನೆಕ್ (ಬಾಡಿಗೆ ಜೋಡಿಸುವ ಉದ್ದನೆಯ ಹಿಡಿ) ಮೊದಲ ಸಲಕ್ಕೆ ರೆಡಿಮೇಡ್ ತಗೊಳ್ಳಿ. ಅದರ ಮೇಲಿನ ಲೋಹದ ಗೆರೆಗಳನ್ನು, ಅಂದರೆ ಫ್ರೆಟ್, ಕೂರಿಸುವುದು ಬೇರೆಯೇ ವಿದ್ಯೆ.

ನೀವು ಕೇಳಿಲ್ಲ, ಆದರೂ ಒಂದು ಹೇಳಿಬಿಡುತ್ತೇನೆ. 1951ರ ಫೆಂಡರ್ ಪ್ರಿಸಿಷನ್ ಬಾಸ್‌ನಿಂದ ಹಿಡಿದು ಸಾಮಾನ್ಯ ಬಾಸ್‌ಗಳ ಸ್ಕೇಲ್, ಅಂದರೆ ತಂತಿ ಮಿಡಿಯುವ ಉದ್ದ, 34 ಇಂಚು. ನಟ್‌ನಿಂದ (ನೆಕ್ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಹನ್ನೆರಡನೇ ಫ್ರೆಟ್‌ಗೆ 17, ಅಲ್ಲಿಂದ ಬ್ರಿಡ್ಜ್ ಸ್ಯಾಡಲ್‌ಗೆ (ಬಾಡಿಯ ಮೇಲೆ ತಂತಿ ಕೂರುವ ತುಂಡು) ಇನ್ನೊಂದು 17. ದಪ್ಪ ತಂತಿಗೆ ಅದಕ್ಕಿಂತ ಸ್ವಲ್ಪ ಜಾಸ್ತಿ ಬೇಕಾಗುತ್ತದೆ, ಸ್ಯಾಡಲ್ ಹಿಂದೆ ಸರಿಯಲು ಜಾಗ ಬಿಡಿ. ನೆಕ್ ಕೂರಿಸಿದ ಮೇಲೆ ಅಳೆದು ಬ್ರಿಡ್ಜ್‌ಗೆ ತೂತು ಕೊರೆಯಬೇಕು. ನಾನು ಅವಸರಕ್ಕೆ ಬಿದ್ದು ಕಾಗದದ ನಕ್ಷೆ ನೋಡಿ ಮೊದಲೇ ಕೊರೆದೆ. ಒಂದು ಸೆಂಟಿಮೀಟರ್ ತಪ್ಪಿತು. ಒತ್ತದೆ ಬಿಟ್ಟ ತಂತಿ ಶ್ರುತಿಯಲ್ಲಿ, ಮೇಲಿನ ಫ್ರೆಟ್‌ಗಳಿಗೆ ಹೋದಂತೆ ಅಪಶ್ರುತಿ. ಹಳೇ ತೂತುಗಳಿಗೆ ಫೆವಿಕಾಲ್ ಹಚ್ಚಿದ ಬಿದಿರು ಕಡ್ಡಿ ತುರುಕಿ ಮುಚ್ಚಿದೆ. ಬ್ರಿಡ್ಜ್ ಪಕ್ಕದಲ್ಲಿ ಈಗಲೂ ಐದು ಕಂದು ಚುಕ್ಕಿ ಕಾಣುತ್ತವೆ.