ಓದುಗರ ಪ್ರಶ್ನೆ: ಸಿಯಾಟಲ್‌ಗೆ ಹೋದ ಕಪ್

ಪ್ರಶ್ನೆ: ಕೆನಡಾದವರ ಸ್ಟ್ಯಾನ್ಲಿ ಕಪ್ ಮೊದಲ ಬಾರಿಗೆ ಅಮೆರಿಕದ ತಂಡವೊಂದರ ಪಾಲಾದದ್ದು ಹೇಗೆ? ಆಗ ಐಸ್ ಹಾಕಿಯಲ್ಲಿ ತಂಡಕ್ಕೆ ಏಳು ಮಂದಿ ಇರುತ್ತಿದ್ದರೇ? ನಮ್ಮ ಶಾಲೆಯ ಹಾಕಿ ಹುಡುಗರು ಕೇಳುತ್ತಿದ್ದಾರೆ.
– ದೈಹಿಕ ಶಿಕ್ಷಣ ಶಿಕ್ಷಕರು, ತೀರ್ಥಹಳ್ಳಿ

ಉತ್ತರ: 1917ರ ಮಾರ್ಚ್‌ನಲ್ಲಿ ಸಿಯಾಟಲ್ ಮೆಟ್ರೊಪಾಲಿಟನ್ಸ್ ತಂಡವು ಹಿಂದಿನ ವರ್ಷದ ಚಾಂಪಿಯನ್ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡವನ್ನು ತನ್ನ ಊರಿನಲ್ಲಿಯೇ 3–1 ಪಂದ್ಯಗಳಿಂದ ಮಣಿಸಿತು. ಏಳು ಮಂದಿಯ ಮಾತು ಅರ್ಧ ನಿಜ. ಸಿಯಾಟಲ್ ಆಡುತ್ತಿದ್ದ ಪಶ್ಚಿಮ ಕರಾವಳಿಯ ಲೀಗ್‌ನಲ್ಲಿ, ಗೊತ್ತಾದ ಸ್ಥಾನವಿಲ್ಲದೆ ಅಂಕಣದ ತುಂಬ ಸುತ್ತುವ 'ರೋವರ್' ಎಂಬ ಏಳನೆಯ ಆಟಗಾರನಿದ್ದ. ಮಾಂಟ್ರಿಯಲ್ ಆಡುತ್ತಿದ್ದ ಪೂರ್ವದ ಲೀಗ್‌ನವರು ಅವನನ್ನು ಅದಾಗಲೇ ಕೈಬಿಟ್ಟಿದ್ದರಿಂದ, ಸರಣಿಯಲ್ಲಿ ಒಂದು ಪಂದ್ಯ ಪಶ್ಚಿಮದ ನಿಯಮದಂತೆ, ಮುಂದಿನದು ಪೂರ್ವದ ನಿಯಮದಂತೆ, ಹೀಗೆ ಸರದಿಯಲ್ಲಿ ನಡೆಯಿತು. ಸ್ವಾರಸ್ಯವೆಂದರೆ, ಸಿಯಾಟಲ್ ತನ್ನದೇ ನಿಯಮದ ಮೊದಲ ಪಂದ್ಯವನ್ನು 8–4ರಿಂದ ಸೋತು, ಎದುರಾಳಿಯ ನಿಯಮದ ಎರಡನ್ನೂ 6–1, 9–1ರಿಂದ ಗೆದ್ದಿತು! ನಡುವಿನ ಮೂರನೆಯದು 4–1. ತಂಡದ ಒಟ್ಟು 23 ಗೋಲುಗಳಲ್ಲಿ 14 ಬರ್ನಿ ಮಾರಿಸ್ ಒಬ್ಬನವೇ; ಕಡೆಯ ಪಂದ್ಯದಲ್ಲೇ ಆರು. ಆದರೆ 'ಅಮೆರಿಕದ ಗೆಲುವು' ಎನ್ನುವಾಗ ಸ್ವಲ್ಪ ತಡೆಯಬೇಕು. ಗೋಲ್‌ಕೀಪರ್ ಹ್ಯಾಪ್ ಹೋಮ್ಸ್, ಫ್ರಾಂಕ್ ಫಾಯ್ಸ್‌ಟನ್ ಮೊದಲಾದ ಪ್ರಮುಖರು ಕೆನಡಾದವರು, 1914ರಲ್ಲಿ ಟೊರಾಂಟೊ ತಂಡಕ್ಕೆ ಇದೇ ಕಪ್ಪನ್ನು ಗೆದ್ದುಕೊಟ್ಟಿದ್ದವರು.