ಲಾಯಿಯೆಗೆ ಹೋಗಬೇಕಾ ಎಂದು ಕೇಳಿದ ತಮ್ಮನಿಗೆ

ತಮ್ಮಾ, ಹವಾಯಿಯ ಹೊನಲುಲುವಿಗೆ ಬಂದು ಮೂರು ವಾರವಾದರೂ ಯೂನಿವರ್ಸಿಟಿ ಬಿಟ್ಟರೆ ಯಾರ ಪರಿಚಯವೂ ಆಗಿಲ್ಲ, ಇಲ್ಲಿಯವರ ಜೊತೆ ಬೆರೆಯೋದು ಹೇಗೆ ಅಂತ ಕೇಳಿದ್ದೀಯ. ಅದರ ಬಾಲಕ್ಕೆ ಇನ್ನೊಂದು ಪ್ರಶ್ನೆ: ಇದೇ ದ್ವೀಪದ ಲಾಯಿಯೆ ಊರಿನಲ್ಲಿ, ಪೆಸಿಫಿಕ್ ದ್ವೀಪಗಳವರ ಬದುಕು, ಹಾಡು, ಕುಣಿತ ತೋರಿಸುವ ಪಾಲಿನೇಷ್ಯನ್ ಕಲ್ಚರಲ್ ಸೆಂಟರ್‌ಗೆ ಅಷ್ಟು ದುಡ್ಡು ಸುರಿದು ಹೋಗಬೇಕಾ ಅಕ್ಕಾ, ಅದು ಬರೀ ಟೂರಿಸ್ಟರಿಗೆ ಕಟ್ಟಿದ ವೇಷ ಅಂತಾರಲ್ಲ?

ಮೊದಲನೆಯದಕ್ಕೆ ಎರಡೇ ಮಾತು. ಯಾರ ಮನೆಗೆ ಹೋದರೂ ಚಪ್ಪಲಿ ಹೊರಗೆ ಬಿಡು. (ಇಲ್ಲೂ ನಮ್ಮೂರಿನ ಹಾಗೆ ಸ್ಲಿಪ್ಪರ್ ಅಂತಲೇ ಹೇಳುತ್ತಾರೆ.) ಇನ್ನೊಂದು, ಇಲ್ಲಿ ವಾಸ ಇದ್ದ ಮಾತ್ರಕ್ಕೆ ಯಾರನ್ನೂ ‘ಹವಾಯಿಯನ್’ ಅನ್ನಬೇಡ. ಆ ಹೆಸರು ಈ ನೆಲದ ಮೂಲದವರದ್ದು. ಹತ್ತೊಂಬತ್ತು ವರ್ಷ ಇಲ್ಲಿ ಕಳೆದರೂ ನಾನು ಹವಾಯಿಯನ್ ಅಲ್ಲ.

ಎರಡನೆಯದಕ್ಕೆ ಉದ್ದ ಹೇಳಬೇಕು. ವೇಷ ಅಂದುಕೊಂಡು ನಾನೂ ನಾಲ್ಕು ವರ್ಷ ಆ ಕಡೆ ತಲೆ ಹಾಕಿರಲಿಲ್ಲ.

ನೀನು ಮಲ್ಪೆಯವನು, ದಡದಿಂದ ಕೈರಂಪಣಿ ಬಲೆ ಎಳೆಯೋದನ್ನು ನೋಡಿಯೇ ಇರುತ್ತೀಯ. ಈ ಸೆಂಟರಿನ ಕಥೆಯೂ ಬಲೆಯಿಂದಲೇ ಶುರು. ಲಾಯಿಯೆಯ ಜಮೀನನ್ನು ಮಾರ್ಮನ್ ಚರ್ಚಿನವರು (ಅಮೆರಿಕದ ಒಂದು ಕ್ರೈಸ್ತ ಪಂಗಡ) 1865ರಲ್ಲಿ ಕೊಂಡರು, ಕಬ್ಬು ಬೆಳೆದರು, 1919ರಲ್ಲಿ ಅಲ್ಲೊಂದು ದೊಡ್ಡ ದೇವಾಲಯ ಕಟ್ಟಿದರು. ಅದರ ಹತ್ತಿರ ಇರಬೇಕೆಂದು ಸಮೋವಾ ಮುಂತಾದ ಕಡೆಯಿಂದ ಜನ ಬಂದು ಊರಿನಲ್ಲಿ ನೆಲೆ ನಿಂತರು. 1940ರಲ್ಲಿ ಊರಿನ ಪ್ರಾರ್ಥನಾಮಂದಿರ ಸುಟ್ಟುಹೋಯಿತು. ಮತ್ತೆ ಕಟ್ಟಲು ದುಡ್ಡಿಲ್ಲ. ಆ ದಶಕದ ಕೊನೆಗೆ ಊರವರು ಹುಕಿಲಾವು ಶುರು ಮಾಡಿದರು. ಹುಕಿ ಅಂದರೆ ಎಳೆ, ಲಾವು ಅಂದರೆ ಎಲೆ. ಉದ್ದನೆ ಹಗ್ಗಕ್ಕೆ ‘ಟೀ’ ಅನ್ನೋ ಗಿಡದ (ಚಹಾ ಅಲ್ಲ ಮಾರಾಯ) ಎಲೆ ಕಟ್ಟಿ ನೀರಿಗೆ ಬಿಡುತ್ತಾರೆ. ಎಲೆ ಅಲುಗಾಡಿದ್ದಕ್ಕೆ ಬೆದರಿದ ಮೀನು ಬಲೆಯ ಕಡೆ ನುಗ್ಗುತ್ತದೆ, ದಡದಲ್ಲಿ ನಿಂತವರೆಲ್ಲ ಸೇರಿ ಎಳೆಯೋದು. ಎಳೆದಾದ ಮೇಲೆ ಊಟ, ಊಟದ ಮೇಲೆ ಕುಣಿತ. ಹೊರಗಿನವರು ದುಡ್ಡು ಕೊಟ್ಟು, ಕಾರು ತುಂಬ ಬಂದು ನೋಡಿ ಹೋದರು.

1955ರಲ್ಲಿ ಚರ್ಚು ಅಲ್ಲೇ ಕಾಲೇಜು ತೆರೆಯಿತು. ಟೋಂಗಾ, ಸಮೋವಾದಿಂದ ಬಂದ ಹುಡುಗರಿಗೆ ಫೀಸು ಕಟ್ಟೋ ಶಕ್ತಿಯಿಲ್ಲ, ಹಳ್ಳಿಯಲ್ಲಿ ಕೆಲಸವೂ ಇಲ್ಲ. ಅವರಿಗೆ ಚೆನ್ನಾಗಿ ಬರುತ್ತಿದ್ದದ್ದು ಅವರವರ ಮನೆಯ ಹಾಡು, ಕುಣಿತ. ಹೊನಲುಲುವಿನ ವೈಕಿಕಿಗೆ ಹೋಗಿ ಪ್ರದರ್ಶನ ಕೊಟ್ಟರು, ಜನ ಮುಗಿಬಿದ್ದರು. ಇದಕ್ಕೆ ಮೊದಲೇ, 1951ರಲ್ಲಿ, ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿಗಳ ನಡುವೆ ವರ್ಷಗಟ್ಟಲೆ ಇದ್ದ ಮ್ಯಾಥ್ಯೂ ಕೌಲಿ ಎಂಬ ಚರ್ಚಿನ ಹಿರಿಯರು, ಲಾಯಿಯೆಯಲ್ಲಿ ಮಾವೊರಿಗಳಿಗೊಂದು, ಟೋಂಗಾದವರಿಗೊಂದು, ಹೀಗೆ ಪುಟ್ಟ ಹಳ್ಳಿಗಳಿರಬೇಕೆಂದು ಆಸೆಪಟ್ಟಿದ್ದರು. ಅಂಥ ಹಳ್ಳಿಗಳ ಸೆಂಟರ್ ಕಟ್ಟಲು 1962ರಲ್ಲಿ ಚರ್ಚಿನ ಒಪ್ಪಿಗೆ ಸಿಕ್ಕಿತು. ಕೆಸು ಬೆಳೆಯುತ್ತಿದ್ದ ಗದ್ದೆಯಲ್ಲಿ ನೂರಕ್ಕೂ ಹೆಚ್ಚು ಜನ ಶ್ರಮದಾನಕ್ಕೆ ನಿಂತರು. ಕುಶಲಕರ್ಮಿಗಳೂ ಸಾಮಾನೂ ಆಯಾ ದ್ವೀಪಗಳಿಂದಲೇ ಬಂದವು. 1963ರ ಅಕ್ಟೋಬರ್ 12ಕ್ಕೆ ಬಾಗಿಲು ತೆರೆಯಿತು.

ತೆರೆದ ಕೂಡಲೇ ಜಾತ್ರೆ ಸೇರಲಿಲ್ಲ. 600 ಆಸನದ ಬಯಲು ರಂಗಮಂದಿರ ತುಂಬುತ್ತಿದ್ದದ್ದು ಶನಿವಾರ ಮಾತ್ರ. ಆದರೆ ಹವಾಯಿ 1959ರಲ್ಲಿ ಅಮೆರಿಕದ ರಾಜ್ಯವಾಗಿತ್ತು, ಜೆಟ್ ವಿಮಾನಗಳು ಬಂದಿದ್ದವು. 1976ಕ್ಕೆ ಸುಮಾರು 2,800 ಜನ ಕೂರುವ ರಂಗಮಂದಿರವೇ ಬೇಕಾಯಿತು. ಈಗ 42 ಎಕರೆ. ಹವಾಯಿ, ಸಮೋವಾ, ಟೋಂಗಾ, ಟಹೀಟಿ, ಮಾವೊರಿಗಳ ಆವೊಟಿಯರೋವಾ (ನ್ಯೂಜಿಲೆಂಡ್), ಫಿಜಿ ಎಂದು ಆರು ಹಳ್ಳಿ. (ಫಿಜಿಯನ್ನು ಪಾಲಿನೇಷ್ಯಾಕ್ಕೆ ಸೇರಿಸೋದು ಸರಿಯಲ್ಲ ಅನ್ನೋ ತಕರಾರು ಬೇರೆ ಇದೆ, ಬಿಡು.) ಕೆಲಸ ಮಾಡುವವರಲ್ಲಿ ಹೆಚ್ಚಿನವರು ಇವತ್ತಿಗೂ ಪಕ್ಕದ ಕಾಲೇಜಿನ ವಿದ್ಯಾರ್ಥಿಗಳೇ.

ವೇಷ ಹೌದಾ? ಹೌದು. ಆದರೆ ದೇವಸ್ಥಾನ ನಡೆಸುವ ಯಕ್ಷಗಾನ ಮೇಳದ ವೇಷ ನಮಗೇನು ಹೊಸದಾ? ಇಡೀ ರಾತ್ರಿಯ ಆಟವನ್ನು ನಾವೂ ಕಾಲಮಿತಿಗೆ ಇಳಿಸಿದ್ದೇವೆ. ಅಲ್ಲಿಯದ್ದು ಕಾಲಮಿತಿ ಪ್ರಯೋಗ ಅಂತ ತಿಳಿದುಕೊಂಡೇ ಹೋಗು, ಬೇಜಾರಾಗೋದಿಲ್ಲ.

ನನ್ನ ಅಭಿಪ್ರಾಯ ಬದಲಾದದ್ದು ಸಮೋವಾ ಹಳ್ಳಿಯಲ್ಲಿ. ಒಬ್ಬ ಹುಡುಗ ನೆಲಕ್ಕೆ ನೆಟ್ಟ ಚೂಪು ಕೋಲಿಗೆ ಕಾಯಿ ಕುಕ್ಕಿ ಸಿಪ್ಪೆ ಸುಲಿದ, ಕಲ್ಲಿನಿಂದ ಒಂದೇ ಏಟಿಗೆ ಎರಡು ಹೋಳು ಮಾಡಿದ. ಆಮೇಲೆ ಮಣೆಯ ಮೇಲೆ ಕೂತು, ಮುಂದಿನ ಹಲ್ಲು ಹಲ್ಲಿನ ತಗಡಿಗೆ ಹೋಳು ಒತ್ತಿ ತುರಿಯತೊಡಗಿದ. ತುರಿಮಣೆ! ಅಮ್ಮನ ಅಡುಗೆಮನೆಯಲ್ಲಿ ಇದ್ದದ್ದೇ. ನನಗೂ ಬರುತ್ತದೆ ಎಂದೆ. ಎದ್ದು ಜಾಗ ಬಿಟ್ಟುಕೊಟ್ಟ. ಮೂರು ಹೋಳು ತುರಿದೆ, ತುರಿಯಲ್ಲಿ ಕರಟದ ಕಪ್ಪು ಒಂದಿಷ್ಟೂ ಬೀಳಲಿಲ್ಲ. ಅವನು ‘ಆಂಟಿ, ಕೆಲಸ ಬೇಕಾ?’ ಅಂದ. ತುರಿಯನ್ನು ನಾರಿನಲ್ಲಿ ಸುತ್ತಿ ಹಿಂಡಿ ಕಾಯಿಹಾಲು ತೆಗೆಯುತ್ತಾ, ಮನೆ ಬಿಟ್ಟು ಎರಡು ವರ್ಷ ಆಯಿತು, ಊರಿಗೆ ಇನ್ನೂ ಹೋಗಿಲ್ಲ ಎಂದ. ಅದು ಪಾಠ ಒಪ್ಪಿಸುವ ಮಾತಾಗಿರಲಿಲ್ಲ.

ಅಲ್ಲಿ ಕಿವಿಯನ್ನೂ ತೆರೆದಿಟ್ಟುಕೋ. ಮನೆಗೆ ಸಮೋವಾದಲ್ಲಿ ಫಾಲೆ, ಟಹೀಟಿಯಲ್ಲಿ ಫಾರೆ, ಹವಾಯಿಯಲ್ಲಿ ಹಾಲೆ. ಹಳಗನ್ನಡದ ಪಾಲು ನಮ್ಮಲ್ಲಿ ಹಾಲಾಯಿತಲ್ಲ, ಅದೇ ಥರ. ಮಾವೊರಿಯ ಟಾರೊ ಇಲ್ಲಿ ಕಲೊ, ಅಂದರೆ ನಮ್ಮ ಕೆಸು. ಅದರ ಎಲೆಯಲ್ಲಿ ಹಂದಿಮಾಂಸ ಸುತ್ತಿ ಬೇಯಿಸಿದ್ದು ಲಾವುಲಾವು. ಪತ್ರೊಡೆ ನೆನಪಾಗಿ ಬಾಯಿಗೆ ಹಾಕಬೇಡ, ಮೊದಲು ಒಳಗೇನಿದೆ ಅಂತ ಕೇಳು.

ಒಂದು ಎಚ್ಚರಿಕೆ. ನನ್ನ ಜೊತೆ ಕೆಲಸ ಮಾಡುವ ಹವಾಯಿಯನ್ ಗೆಳತಿಯ ಎದುರು ಒಮ್ಮೆ ಈ ಸೆಂಟರನ್ನು ಹಾಡಿ ಹೊಗಳಿದೆ. ಅವಳು ನಕ್ಕು ಸುಮ್ಮನಾದಳು. ಯಾಕೆ ಅಂತ ಆಮೇಲೆ ತಿಳಿಯಿತು. 1893ರಲ್ಲಿ ಹವಾಯಿಯನ್ನರ ರಾಣಿಯನ್ನು ಪಟ್ಟದಿಂದ ಇಳಿಸಿದರು. 1896ರ ಕಾನೂನು ಶಾಲೆಗಳಿಂದ ಇವರ ಭಾಷೆಯನ್ನೇ ಹೊರಹಾಕಿತು. ಅದು ಮತ್ತೆ ಅಧಿಕೃತ ಭಾಷೆಯಾದದ್ದು 1978ರಲ್ಲಿ. ಅವಳ ಮಟ್ಟಿಗೆ ಹುಲಾ ಅನ್ನೋ ಹವಾಯಿಯ ಕುಣಿತ ಅಂದರೆ ಗುರುವಿನ ಹತ್ತಿರ ವರ್ಷಗಟ್ಟಲೆ ಕಲಿಯುವ ವಿದ್ಯೆ, ಟಿಕೆಟ್ಟಿಗೆ ಸಿಗುವಂಥದ್ದಲ್ಲ. ಅಂಥ ಹುಲಾ ನೋಡಬೇಕಾದರೆ ಈಸ್ಟರ್ ಮುಗಿದ ವಾರ ಹವಾಯಿಯ ಇನ್ನೊಂದು ದ್ವೀಪದ ಹಿಲೋ ಊರಿನಲ್ಲಿ ನಡೆಯುವ ಮೆರಿ ಮೊನಾರ್ಕ್ ಉತ್ಸವಕ್ಕೆ ಹೋಗಬೇಕು.

ಭಾನುವಾರ ಲಾಯಿಯೆಗೆ ಹೊರಡಬೇಡ, ಬಾಗಿಲು ಹಾಕಿರುತ್ತದೆ. ಸ್ಟೇಟ್ ಐಡಿ ಬಂದ ಮೇಲೆ ಹೋದರೆ ಇಲ್ಲಿಯ ನಿವಾಸಿಗಳಿಗಿರುವ ಕಮಾಆಯಿನಾ ದರ ಕೇಳು, ನಾಚಿಕೆಪಡಬೇಡ. ಬಫೆಗೆ ದುಡ್ಡು ದಂಡ ಮಾಡಬೇಡ, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ ಹಳ್ಳಿಗಳಲ್ಲಿ ಕೂತು ಮಾತಾಡು. ಬರುವ ದಾರಿಯಲ್ಲಿ ಹಣ್ಣಿನಂಗಡಿ ಕಂಡರೆ ‘ಉಲು’ ಇದೆಯಾ ಕೇಳು. ಜೀಗುಜ್ಜೆಗೆ ಇಲ್ಲಿ ಅದೇ ಹೆಸರು, ಅದರ ತವರೇ ಈ ಸಮುದ್ರದ ದ್ವೀಪಗಳು. ಬಲಿತದ್ದು, ಹಣ್ಣಾಗದ್ದು ನೋಡಿ ಎರಡು ತಾ. ಕಡಲೆಹಿಟ್ಟು ನನ್ನ ಹತ್ತಿರ ಇದೆ, ಪೋಡಿ ಕರಿಯೋಣ.