ಅಂಟು ಎಂದರೆ ಸಾಲದು: ನಿಮ್ಮ ಬಯೋಫಿಲ್ಮ್ ಲೇಖನದ ಕುರಿತು

ಮಾನ್ಯರೇ,

ಬ್ಯಾಕ್ಟೀರಿಯಾಗಳ ಬಯೋಫಿಲ್ಮ್‌ನಲ್ಲಿ, ಅಂದರೆ ಅವು ಒಟ್ಟುಗೂಡಿ ಕಟ್ಟಿಕೊಳ್ಳುವ ಅಂಟುಪದರದಲ್ಲಿ, ಪ್ರೋಟೀನ್ ಎಳೆಗಳ ಪಾತ್ರವನ್ನು ಕುರಿತು ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ವಿಷಯ ಕೈಬಿಡುವಂಥದ್ದಲ್ಲವಾದ್ದರಿಂದ ಕಾರಣಗಳನ್ನು ಬಿಡಿಸಿ ಬರೆಯುತ್ತಿದ್ದೇನೆ.

ಲೇಖನದ ಅರ್ಧಭಾಗ ಸೂಕ್ಷ್ಮಜೀವಿಗಳ ಸಾಮಾನ್ಯ ಪರಿಚಯಕ್ಕೇ ವ್ಯಯವಾಗಿದೆ. ಎಳೆಗಳ ಪ್ರಸ್ತಾಪ ಬಂದ ಮೇಲೂ ಅವು ಅಂಟಿನಂತೆ ಜೀವಕೋಶಗಳನ್ನು ಹಿಡಿದಿಡುತ್ತವೆ ಎಂದಷ್ಟೇ ಹೇಳಿ ಮುಂದೆ ಸಾಗಿದ್ದೀರಿ.

ಇದಕ್ಕಿಂತ ಗಂಭೀರವಾದ ದೋಷ ಕರ್ಲಿ ಎಳೆಗಳನ್ನು ಕುರಿತದ್ದು. ಇ. ಕೋಲಿ ಬ್ಯಾಕ್ಟೀರಿಯಾ ಕಟ್ಟುವ ಈ ಎಳೆಗಳು ಅಮೈಲಾಯ್ಡ್ (ಪ್ರೋಟೀನ್‌ಗಳು ಒತ್ತೊತ್ತಾಗಿ ಜೋಡಿಕೊಂಡು ಆಗುವ ಗಟ್ಟಿ ಎಳೆ) ರಚನೆಯವೆಂದು 2002ರಲ್ಲಿ ತಿಳಿದುಬಂತು. ಆಲ್‌ಝೈಮರ್ ರೋಗಿಗಳ ಮಿದುಳಿನಲ್ಲಿ ಶೇಖರವಾಗುವ ಎಳೆಗಳ ರಚನೆಯೂ ಇದೇ ಬಗೆಯದು. ಇಷ್ಟನ್ನು ಸರಿಯಾಗಿ ಬರೆದ ನೀವು, ಕರ್ಲಿಯೂ ತಪ್ಪಾಗಿ ಮಡಿಚಿಕೊಂಡ ಪ್ರೋಟೀನ್ ಎಂದು ತೀರ್ಮಾನಿಸಿಬಿಟ್ಟಿದ್ದೀರಿ. ವಾಸ್ತವದಲ್ಲಿ ಬ್ಯಾಕ್ಟೀರಿಯಾ ಅದನ್ನು ಬಿಗಿಯಾದ ಹತೋಟಿಯಲ್ಲಿ, ತನ್ನ ಬಳಕೆಗೆಂದೇ ತಯಾರಿಸುತ್ತದೆ. ಎಳೆಯ ಮುಖ್ಯ ಘಟಕವಾದ ಸಿಎಸ್‌ಜಿಎ ಎಂಬ ಪ್ರೋಟೀನ್ ಇನ್ನೂ ಮಡಿಕೆಗೊಳ್ಳದ ಸ್ಥಿತಿಯಲ್ಲೇ ಹೊರಪೊರೆಯಲ್ಲಿರುವ ಸಿಎಸ್‌ಜಿಜಿ ಎಂಬ ರಂಧ್ರದಿಂದ ಆಚೆ ಬರುತ್ತದೆ. ಒಳಗಿರುವಾಗಲೇ ಅದು ಎಳೆಗಟ್ಟದಂತೆ ಸಿಎಸ್‌ಜಿಸಿ ಎಂಬ ಇನ್ನೊಂದು ಪ್ರೋಟೀನ್ ತಡೆಯುತ್ತದೆ. ಹೊರಬಂದ ಮೇಲೆ, ಕೋಶದ ಮೇಲ್ಮೈಯಲ್ಲಿ ನೆಲೆನಿಂತ ಸಿಎಸ್‌ಜಿಬಿ ಎಂಬ ಪ್ರೋಟೀನ್ ಅದರ ಜೋಡಣೆಗೆ ಚಾಲನೆ ನೀಡುತ್ತದೆ. ಒಳಗೆ ರೂಪುಗೊಂಡರೆ ತನಗೇ ಅಪಾಯವಾಗಬಹುದಾದ ರಚನೆಯನ್ನು ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿಗೆ ಕಟ್ಟಿಕೊಳ್ಳುವ ಈ ಏರ್ಪಾಡು ನಿಜಕ್ಕೂ ಬೆರಗುಗೊಳಿಸುವಂಥದ್ದು. ನಿಮ್ಮ ಲೇಖನದ ಜೀವಾಳ ಇದೇ ಆಗಬೇಕಿತ್ತು.

ಬಯೋಫಿಲ್ಮ್ ಎಂದರೆ ಎಳೆಗಳಷ್ಟೇ ಎಂಬ ಭಾವನೆಯೂ ಓದುಗರಲ್ಲಿ ಮೂಡುತ್ತದೆ. ಕೋಶಗಳನ್ನು ಸುತ್ತುವರಿದ ಅದರ ಆಧಾರದ್ರವ್ಯದಲ್ಲಿ ಪಾಲಿಸ್ಯಾಕರೈಡ್‌ಗಳೂ (ಸಕ್ಕರೆ ಅಣುಗಳ ಉದ್ದ ಸರಪಳಿಗಳು) ಕೋಶದ ಹೊರಗಿನ ಡಿಎನ್‌ಎಯೂ ಇರುತ್ತವೆ, ಇ. ಕೋಲಿಯ ಹಲವು ತಳಿಗಳಲ್ಲಿ ಕರ್ಲಿಯೊಂದಿಗೆ ಸೆಲ್ಯುಲೋಸ್ ಹೆಣೆದುಕೊಂಡಿರುತ್ತದೆ. ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾದ ಟಾಸ್‌ಎ ಪ್ರೋಟೀನ್ ಎಳೆಯನ್ನು ಹೆಸರಿಸಿ ಬಿಟ್ಟಿದ್ದೀರಿ. ಟಾಸ್‌ಎ ಇಲ್ಲದ ತಳಿಯಲ್ಲಿ ಸುಕ್ಕುಸುಕ್ಕಾದ, ಗಟ್ಟಿಮುಟ್ಟಾದ ಪದರ ಬೆಳೆಯುವುದಿಲ್ಲವೆಂಬ ಒಂದು ಮಾತು ಸೇರಿಸಿದ್ದರೆ ಎಳೆಯ ಅಗತ್ಯ ಕಣ್ಣಿಗೆ ಕಟ್ಟುತ್ತಿತ್ತು.

ಪ್ರತಿಜೀವಕಗಳು ಬಯೋಫಿಲ್ಮ್‌ನೊಳಗೆ ನುಸುಳಲಾರವು ಎಂಬ ವಾಕ್ಯವನ್ನು ತೆಗೆದುಹಾಕಿ. ಎಷ್ಟೋ ಪ್ರತಿಜೀವಕಗಳು ಒಳಹೋಗುತ್ತವೆ. ಆದರೆ ಅಲ್ಲಿ ನಿಧಾನವಾಗಿ ಬೆಳೆಯುವ ಅಥವಾ ಸುಪ್ತವಾಗಿರುವ ಕೋಶಗಳು ಅವುಗಳಿಂದ ಸುಲಭವಾಗಿ ಸಾಯುವುದಿಲ್ಲ. ಕ್ಯಾಥೆಟರ್‌ನಲ್ಲಿ (ದೇಹದೊಳಗೆ ಇರಿಸುವ ಕೊಳವೆ) ಬಯೋಫಿಲ್ಮ್ ಬೆಳೆದು ಸೋಂಕು ತಗಲಿದ ರೋಗಿಯ ಮನೆಯವರೂ ಇದನ್ನು ಓದಬಹುದಾದ್ದರಿಂದ ಇಂಥ ಕಡೆ ಸಡಿಲ ಮಾತು ಸಲ್ಲದು.

ನಿಮ್ಮ ಭಾಷೆ ಸ್ವಚ್ಛವಾಗಿದೆ, ವಾಕ್ಯಗಳಲ್ಲಿ ಹಿಡಿತವಿದೆ. ಪರಿಚಯವನ್ನು ಒಂದು ಪ್ಯಾರಾಕ್ಕೆ ಇಳಿಸಿ, ಕರ್ಲಿ ಹೊರಬರುವ ಹಂತಗಳಿಗೆ ಒಂದು ಸರಳ ರೇಖಾಚಿತ್ರವನ್ನು ಜೋಡಿಸಿ ಮರಳಿ ಕಳುಹಿಸಿ. ತಿದ್ದಿದ ಪ್ರತಿಯನ್ನು ನಾನೇ ಓದುತ್ತೇನೆ.

ಸಂಪಾದಕ